ಸೂರ್ಯನ ಹತ್ತು, ಚಂದ್ರನ ಹತ್ತು

9 ಜನವರಿ 1996, ಮಂಗಳವಾರ. ಬೆಳಿಗ್ಗೆ 6.30

ಇವತ್ತೂ ಅದೇ. ಎದ್ದು ಬಂದರೆ ಲಿವಿಂಗ್ ರೂಮಿನಲ್ಲಿ ಸೆಕೆ. ಹೀಟರಿನ ಎರಡೂ ನಾಬ್ ಕೊನೆಯವರೆಗೆ ತಿರುಗಿಸಿಟ್ಟಿದ್ದಾರೆ. ಎರಡನ್ನೂ ಇಳಿಸಿದೆ. ನಿನ್ನೆಯೂ ಇಳಿಸಿದ್ದೆ, ಮೊನ್ನೆಯೂ ಇಳಿಸಿದ್ದೆ. ರಾತ್ರಿಯಾದರೆ ಅಳಿಯಂದಿರು ಮತ್ತೆ ಏರಿಸುತ್ತಾರೆ. ಈ ವಿಷಯದಲ್ಲಿ ನಾವಿಬ್ಬರೂ ಬಾಯಿ ಬಿಡುವುದಿಲ್ಲ. ನಾಬ್ ಮಾತ್ರ ಹೋಗಿ ಬರುತ್ತಿದೆ.

ಬೆಳಿಗ್ಗೆ ಸೆಕೆ ಎಂದು ಕಿಟಕಿ ತೆಗೆಯುವುದು. ಸಂಜೆ ಆರಕ್ಕೆ ಹೀಟರು ತಣ್ಣಗೆ — ಕಂಬಳಿ ಹೊದ್ದು ಟೀವಿ ನೋಡುವುದು. ಇಂಥ ಸಂಸಾರಕ್ಕೆ ತಿಂಗಳಿಗೆ ಇನ್ನೂರ ಹತ್ತು ಡಾಲರ್ ಕರೆಂಟ್ ಬಿಲ್ಲು! ಮೂವತ್ತೊಂದು ವರ್ಷ ಮೈಸೂರಿನ ಕರೆಂಟ್ ಆಫೀಸಿನಲ್ಲಿ ಬಿಲ್ ಸೆಕ್ಷನ್ ನೋಡಿದವಳು ನಾನು. ರಿಟೈರ್ ಆಗುವಾಗ ಸೂಪರಿಂಟೆಂಡೆಂಟ್. ಮಗಳ ಮನೆಗೆ ಬಂದು ಇದನ್ನು ನೋಡಿಕೊಂಡು ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕೆ?

ಕಾತ್ಯಾಯಿನಿಗೆ ಹೇಳಿದೆ. "ಅಮ್ಮಾ, ರೆಸ್ಟ್ ತಗೋ ಅಂತ ಕರೆಸ್ಕೊಂಡಿದ್ದು ನಿನ್ನ" ಎಂದಳು. ಎಂಥ ರೆಸ್ಟು. ಬಾಣಂತಿಯೇನು ನಾನು?

11 ಜನವರಿ, ಗುರುವಾರ. ಮಧ್ಯಾಹ್ನ

ಹೀಟರಿನ ಪುಸ್ತಕ ಸಿಕ್ಕಿತು. ಮನೆ ಮಾರಿದವರು ಡ್ರಾಯರಿನಲ್ಲೇ ಬಿಟ್ಟು ಹೋಗಿದ್ದರು. ಮನೆ ಕೊಂಡು ಒಂದೂವರೆ ವರ್ಷ, ಅಳಿಯಂದಿರು ಇಂಥದೊಂದಿದೆ ಎಂದೇ ನೋಡಿಲ್ಲ. ಬ್ಯಾಂಕಿನ ಕಂಪ್ಯೂಟರು ರಿಪೇರಿ ಮಾಡುವವರಂತೆ!

ಬೇಸ್‌ಮೆಂಟಿನಲ್ಲಿ ಬಾಡಿಗೆಗಿರುವ ಹಫ್ಸಾಳನ್ನು ಕರೆದು ಕೂರಿಸಿಕೊಂಡು ಓದಿದೆ. ನಮ್ಮ ಮೈಸೂರಿನ ಮಂಡಿ ಮೊಹಲ್ಲಾದ ಹುಡುಗಿ. ಗಂಡ ಉಮೈರ್ ಅಳಿಯಂದಿರ ಆಫೀಸಿನಲ್ಲೇ ಕಾಂಟ್ರಾಕ್ಟಿನ ಮೇಲೆ ಇದ್ದಾನೆ. ಎಂಟು ತಿಂಗಳ ಹೆಣ್ಣುಮಗು. ಹಗಲೆಲ್ಲ ಈ ಮನೆಯಲ್ಲಿ ಮಾತಾಡುವ ಜೀವ ಎಂದರೆ ಅವಳೊಬ್ಬಳು. ಅವಳಿಲ್ಲದಿದ್ದರೆ ನಾನು ಡಿಸೆಂಬರಿನಲ್ಲೇ ವಾಪಸು ಹೊರಡುತ್ತಿದ್ದೆ.

ಇದು ಮಾಮೂಲು ಹೀಟರಲ್ಲ. ಕಬ್ಬಿಣದ ಪೆಟ್ಟಿಗೆಯ ತುಂಬ ಇಟ್ಟಿಗೆ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಏಳರವರೆಗೆ ಕರೆಂಟು ಅಗ್ಗ, ಆಗ ಇಟ್ಟಿಗೆ ಕಾಯುತ್ತದೆ. ಆಮೇಲೆ ಹಗಲೆಲ್ಲ ಕರೆಂಟಿಲ್ಲದೆ ಆ ಶಾಖವನ್ನು ಬಿಡುತ್ತದೆ. ಹಗಲಿನ ಕರೆಂಟು ನಾಲ್ಕು ಪಟ್ಟು ದುಬಾರಿ, ಮೀಟರು ಎರಡನ್ನೂ ಬೇರೆ ಬೇರೆ ಬರೆದುಕೊಳ್ಳುತ್ತದೆ. ಎಡಗಡೆಯ ನಾಬು ರಾತ್ರಿ ಎಷ್ಟು ಶಾಖ ತುಂಬಬೇಕು ಎನ್ನುವುದಕ್ಕೆ. ಬಲಗಡೆಯದು ಎಷ್ಟು ಹೊರಗೆ ಬಿಡಬೇಕು ಎನ್ನುವುದಕ್ಕೆ. ಇವರು ರಾತ್ರಿಯೂ ಬಲಗಡೆಯದನ್ನು ಪೂರ್ತಿ ತೆಗೆದಿಟ್ಟು ಮಲಗುತ್ತಾರೆ. ತುಂಬುತ್ತಿರುವಾಗಲೇ ಸೋರುತ್ತಿರುತ್ತದೆ. ಸಂಜೆಗೆ ಎಲ್ಲಿಂದ ಉಳಿಯಬೇಕು?

ಲಾಂಡ್ರಿ ರೂಮಿನಲ್ಲಿ ಇದಕ್ಕೆಲ್ಲ ಒಂದು ಟೈಮರು. ಇಪ್ಪತ್ತನಾಲ್ಕು ಗಂಟೆಯ ಚಕ್ರ. ಅರ್ಧ ಬಿಳಿ, ಅದರಲ್ಲಿ ಸೂರ್ಯ. ಅರ್ಧ ಕಪ್ಪು, ಅದರಲ್ಲಿ ಚಂದ್ರ. ಎರಡರಲ್ಲೂ ಅದೇ ಹನ್ನೆರಡು ಅಂಕಿ. ಮೇಲಿನ ಎರಡು ಹೀಟರು, ಕೆಳಗಿನ ಒಂದು — ಮೂರಕ್ಕೂ ಅದೊಂದೇ.

ಹಫ್ಸಾ ನಕ್ಕಳು. "ಆಂಟಿ, ಇದನ್ನ ನೀವು ಪ್ರಸಾದ್ ಅಂಕಲ್‌ಗೆ ಹೇಗೆ ಹೇಳ್ತೀರ?"

"ಹೇಗೆ ಅಂದ್ರೆ? ಬಾಯಲ್ಲಿ!"

14 ಜನವರಿ, ಭಾನುವಾರ

ಹೇಳಿದೆ. ಅಳಿಯಂದಿರು ಕೃಷ್ಣಪ್ರಸಾದರು ಪೇಪರಿನಿಂದ ತಲೆ ಎತ್ತಲಿಲ್ಲ. "ಅತ್ತೆ, ಇಟ್ಸ್ ಓಕೆ. ಇಲ್ಲಿ ಎಲ್ಲಾರೂ ಹಾಗೇ ಇಡೋದು."

"ಎಲ್ಲಾರೂ ಅಂದ್ರೆ ಯಾರು? ಒಬ್ಬರ ಹೆಸರು ಹೇಳಿ ನೋಡೋಣ."

ಪೇಪರಿನ ಪುಟ ತಿರುಗಿಸಿದರು. ಕೊನೆಗೆ ಒಪ್ಪಂದವಾಯಿತು. ಈ ಬಿಲ್ಲು ಬರುವವರೆಗೆ ನಾಬ್ ನನ್ನ ಕೈಯಲ್ಲಿ. ಯಾರೂ ಮುಟ್ಟುವ ಹಾಗಿಲ್ಲ. ಕಾತ್ಯಾಯಿನಿ ಅಡುಗೆಮನೆಯಿಂದಲೇ ಹಣೆ ಚಚ್ಚಿಕೊಂಡಳು, ಕಂಡಿತು.

20 ಜನವರಿ, ಶನಿವಾರ

ಮಲಗುವ ಮುಂಚೆ ಬಲಗಡೆಯ ನಾಬು ಪೂರ್ತಿ ಮುಚ್ಚುವುದು. ಬೆಳಿಗ್ಗೆ ಎದ್ದು ಒಂದನೇ ನಂಬರಿಗೆ. ಎಲ್ಲರೂ ಹೊರಟ ಮೇಲೆ ಮತ್ತೆ ಮುಚ್ಚುವುದು, ನನಗೆ ಸ್ವೆಟರು ಸಾಕು. ಸಂಜೆ ಐದು ಗಂಟೆಗೆ ನಾಲ್ಕನೇ ನಂಬರಿಗೆ. ಎಡಗಡೆಯದು ಟೀವಿಯಲ್ಲಿ ನಾಳೆಯ ಹವೆ ನೋಡಿ, ಬಿಸಿಲಿದ್ದರೆ ಮೂರು, ಇಲ್ಲದಿದ್ದರೆ ಐದು. ಕೆಳಗೆ ಹಫ್ಸಾಳಿಗೂ ಹೇಳಿಕೊಟ್ಟೆ. ಅವಳು ಚೀಟಿಯಲ್ಲಿ ಬರೆದು ಹೀಟರಿನ ಮೇಲೆ ಅಂಟಿಸಿಕೊಂಡಿದ್ದಾಳೆ. ಒಂದೇ ಮೀಟರು, ಬಿಲ್ಲಿನಲ್ಲಿ ಮೂರನೇ ಒಂದು ಪಾಲು ಅವರದು.

ಕಾತ್ಯಾಯಿನಿ ಇವತ್ತು ಮತ್ತೆ ನನ್ನ ವಾಚಿನ ತಂಟೆಗೆ ಬಂದಳು. ಮೈಸೂರು ಟೈಮಿನಲ್ಲೇ ಇದೆಯಂತೆ, ತಿರುಗಿಸಿಕೋ ಅಂತೆ. ತಿರುಗಿಸುವುದಿಲ್ಲ. ಅಕ್ಕ ಈಗ ಏನು ಮಾಡುತ್ತಿರುತ್ತಾಳೆ ಎಂದು ಕೈ ನೋಡಿದರೆ ಗೊತ್ತಾಗಬೇಕು ನನಗೆ. ಇಲ್ಲಿಯ ಟೈಮು ಬೇಕೆಂದರೆ ಲೆಕ್ಕ ಎಷ್ಟು ಹೊತ್ತಿನದು? ಒಂದೂವರೆ ಗಂಟೆ ಕೂಡಬೇಕು. ಅಲ್ಲಿ ರಾತ್ರಿಯಾಗಿದ್ದರೆ ಹಗಲು ಮಾಡಬೇಕು, ಹಗಲಾಗಿದ್ದರೆ ರಾತ್ರಿ. ಮುಗಿಯಿತು.

1 ಫೆಬ್ರವರಿ, ಗುರುವಾರ. ಸಂಜೆ

ಬಂತು! ನೂರ ಮೂವತ್ತೊಂಬತ್ತು!

ಅಳಿಯಂದಿರು ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅತ್ತೆ, ಯೂ ಆರ್ ಅಮೇಜಿಂಗ್" ಎಂದರು. ನಾನು ಸುಮ್ಮನೆ ಸಾರು ಬಡಿಸಿದೆ. ಒಳಗೆ ಮಾತ್ರ ಕುಣಿಯುವಷ್ಟು ಖುಷಿ.

ಕಾತ್ಯಾಯಿನಿ ಆಗಲೇ ಫೋನಿನಲ್ಲಿ ಊರಿಗೆಲ್ಲ ಹೇಳಿಬಿಟ್ಟಿದ್ದಾಳೆ. ಈ ಕಡೆ ಇನ್ನೂ ಐದಾರು ಕನ್ನಡದವರ ಮನೆಯಲ್ಲಿ ಇದೇ ಇಟ್ಟಿಗೆ ಹೀಟರಂತೆ. ಕನ್ನಡ ಸಂಘದ ಯುಗಾದಿ ಕಾರ್ಯಕ್ರಮದಲ್ಲಿ ನಾನು ಹತ್ತು ನಿಮಿಷ ಮಾತಾಡಬೇಕಂತೆ, "ಹೀಟರ್ ಬಿಲ್ ಉಳಿಸುವುದು ಹೇಗೆ" ಎಂದು. ಒಪ್ಪಿದೆ. ಹೇಳುವವರು ಬೇಕಲ್ಲ ಇವರಿಗೆ.

5 ಫೆಬ್ರವರಿ, ಸೋಮವಾರ

ಮೂರು ದಿವಸ ಪೆನ್ನು ಹಿಡಿಯುವ ಹಾಗೇ ಇರಲಿಲ್ಲ. ಶುಕ್ರವಾರದಿಂದ ಐಸ್ ಸುರಿಯಿತು. ಮರದ ಕೊಂಬೆ ತಂತಿಯ ಮೇಲೆ ಬಿದ್ದು ಶನಿವಾರ ಕರೆಂಟು ಹೋಯಿತು. ಎಲ್ಲರೂ ಮೇಲೆ ಬೆಂಕಿಗೂಡಿನ ಸುತ್ತ ಹಾಸಿಗೆ ಹಾಕಿಕೊಂಡೆವು, ಹಫ್ಸಾ ಉಮೈರ್ ಮಗು ಸಮೇತ. ಇಟ್ಟಿಗೆ ಹೀಟರು ಒಂದು ಇಡೀ ದಿವಸ ಬೆಚ್ಚಗಿತ್ತು. ಮಗುವನ್ನು ಅದರ ಪಕ್ಕವೇ ಮಲಗಿಸಿದೆವು. ಅಳಿಯಂದಿರೂ ಉಮೈರನೂ ಸೌದೆ ಹೊರುತ್ತಿದ್ದರು. ರಂಜಾನು, ಅವನಿಗೆ ಉಪವಾಸ ಬೇರೆ. ಸಂಜೆ ಬೆಂಕಿಯ ಮೇಲೆ ಅನ್ನ ಸಾರು ಮಾಡಿ ಅವನಿಗೆ ಮೊದಲು ಬಡಿಸಿದೆ.

ಇವತ್ತು ಬೆಳಿಗ್ಗೆ ಇವರೆಲ್ಲ ಆಫೀಸಿಗೆ ಹೋದ ಮೇಲೆ ಕರೆಂಟು ಬಂತು. ಅದೇ ಗಳಿಗೆಗೆ ಅಕ್ಕನ ಫೋನು. "ಊಟ ಆಯ್ತು ಕಣೆ, ಹಾಸಿಗೆ ಹಾಸ್ತಿದೀನಿ. ನಿಂಗೆ ಏನಾಯ್ತೋ ಅಂತ ಹೆದರಿಕೆ ಆಗಿತ್ತು" ಎಂದು ಅತ್ತಳು. ಫೋನಿಟ್ಟು ನೋಡಿದರೆ ಮನೆಯ ಗಡಿಯಾರವೆಲ್ಲ ಕಣ್ಣು ಮಿಟುಕಿಸುತ್ತಿವೆ. ಮೈಕ್ರೋವೇವು, ವಿಸಿಆರು, ಸ್ಟೋವು. ಇಡೀ ಮನೆಯಲ್ಲಿ ಸರಿಯಾಗಿ ನಡೆಯುತ್ತಿದ್ದದ್ದು ನನ್ನ ಕೀಲಿ ಕೊಡುವ ವಾಚೊಂದೇ. ಎಂಟು ನಲವತ್ತು. ಒಂದೂವರೆ ಕೂಡಿದೆ — ಹತ್ತು ಹತ್ತು. ಎಲ್ಲದಕ್ಕೂ ಹತ್ತು ಹತ್ತು ಇಟ್ಟೆ. ಲಾಂಡ್ರಿ ರೂಮಿಗೂ ಹೋಗಿ ಟೈಮರಿನ ಚಕ್ರ ತಿರುಗಿಸಿ ಹತ್ತು ದಾಟಿಸಿ ನಿಲ್ಲಿಸಿದೆ. ಇವರು ಬಂದು ಮಾಡುತ್ತಾರೆಂದು ಕಾದಿದ್ದರೆ ಯುಗಾದಿ ಆಗುತ್ತಿತ್ತು.

9 ಫೆಬ್ರವರಿ, ಶುಕ್ರವಾರ

ಈಗ ಸಂಜೆ ಎಂಥ ಹಿತವಾದ ಶಾಖ! ಆಫೀಸಿನಿಂದ ಬಂದವರು ಕೋಟು ಬಿಚ್ಚಿ ಆಹಾ ಎನ್ನುತ್ತಾರೆ. ನಾಬ್ ಹದ ಮಾಡಿ ಮಾಡಿ ಕೈ ಕೂತಿದೆ. ಬೆಳಿಗ್ಗೆ ಮಾತ್ರ ಸ್ವಲ್ಪ ತಣ್ಣಗೆ. ಐಸ್ ಕರಗಿಲ್ಲ ಹೊರಗೆ, ಇನ್ನೇನಾಗುತ್ತದೆ.

ಹಫ್ಸಾ ಬಂದಿದ್ದಳು. "ಆಂಟಿ, ಸೆಹ್ರಿ ಊಟಕ್ಕೆ ಬೆಳಗ್ಗೆ ಐದಕ್ಕೆ ಏಳ್ತೀವಲ್ಲ, ಹೀಟರ್ ಒಂಚೂರೂ ಬೆಚ್ಚಗಿರಲ್ಲ. ಮುಂಚೆ ಆ ಹೊತ್ತಿಗೆ ಮುಟ್ಟಕ್ಕಾಗ್ತಿರಲಿಲ್ಲ. ಒಂದ್ಸಲ ನೋಡ್ತೀರಾ?"

"ಎಡಗಡೆ ನಾಬ್ ಐದಕ್ಕಿಡು, ಸರಿಹೋಗತ್ತೆ" ಎಂದೆ.

21 ಫೆಬ್ರವರಿ, ಬುಧವಾರ

ಅವರ ಹಬ್ಬ. ಕೆಳಗಿನಿಂದ ಶೀರ್ ಖುರ್ಮಾ ಬಂತು. ತುಪ್ಪದಲ್ಲಿ ಹುರಿದ ಶಾವಿಗೆ, ಖರ್ಜೂರ, ಬಾದಾಮಿ. ಎರಡು ಬಟ್ಟಲು ತಿಂದೆ. ಕಾತ್ಯಾಯಿನಿ ಶುಗರು ಶುಗರು ಎಂದು ಬಡಕೊಂಡಳು, ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಪಾತ್ರೆಯನ್ನು ಬರಿದಾಗಿ ವಾಪಸು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಸಂಜೆ ಚಕ್ಕುಲಿ ಕರಿದು ಅವರ ಪಾತ್ರೆಗೂ ಹಾಕಿ, ನನ್ನದೊಂದು ಸ್ಟೀಲ್ ಡಬ್ಬಿಯಲ್ಲೂ ತುಂಬಿ ಕಳಿಸಿದೆ.

2 ಮಾರ್ಚ್, ಶನಿವಾರ. ಬೆಳಿಗ್ಗೆ 11

ಮುನ್ನೂರ ಹದಿನೆಂಟು!!

ಮೂರು ಸಲ ಓದಿದೆ. ರಾತ್ರಿಯ ಯೂನಿಟ್ಟು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಗಲಿನ ಯೂನಿಟ್ಟು ಆರು ಪಟ್ಟು! ಆರು ಪಟ್ಟು ಎಂದರೇನು ತಮಾಷೆಯೇ? ನಾನು ದಿನವೆಲ್ಲ ಸ್ವೆಟರು ಸುತ್ತಿಕೊಂಡು ಕೂತು ಒಂದೊಂದು ನಾಬು ಕಾದಿದ್ದಕ್ಕೆ ಇದೇ ಫಲ.

ಅಳಿಯಂದಿರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಪರ್ವಾಗಿಲ್ಲ ಅತ್ತೆ, ಟ್ರೈ ಮಾಡಿದ್ರಲ್ಲ" ಎಂದು ನಕ್ಕರು. ಆ ನಗುವಿಗೆ ಪಿತ್ತ ನೆತ್ತಿಗೇರಿತು. ಟ್ರೈ ಮಾಡಿದೆನಂತೆ! ಅವರು ಹುಟ್ಟುವ ಮೊದಲಿನಿಂದ ಮೀಟರಿನ ಲೆಕ್ಕ ಬರೆದವಳು.

ಕರೆಂಟ್ ಕಂಪನಿಗೆ ಕಾಗದ ಬರೆದೆ, ಎರಡು ಪುಟ. ಆಮೇಲೆ ಹರಿದೆ. ಮೀಟರು ಜೋರಾಗಿ ಓಡುತ್ತದೆ ಎಂದು ಕಿರುಚಿಕೊಂಡು ಕೌಂಟರಿಗೆ ಬಂದವರಿಗೆಲ್ಲ ನಾನೇ ಹೇಳುತ್ತಿದ್ದೆ, ಮೊದಲು ಮನೆಯಲ್ಲಿ ಯಾರು ಏನು ಓಡಿಸುತ್ತಾರೆ ನೋಡಿ ಬನ್ನಿ ಎಂದು. ಸರಿ, ನೋಡೋಣ. ಹಗಲು ಈ ಮನೆಯಲ್ಲಿರುವವರು ಇಬ್ಬರೇ. ನಾನು ಓಡಿಸುವುದು ಒಂದು ಮಿಕ್ಸಿ. ಟೈಮರು ನಾನೇ ಕೈಯಾರೆ ಸರಿ ಮಾಡಿದ್ದು, ಅದರ ಪ್ರಶ್ನೆಯೇ ಇಲ್ಲ. ಉಳಿದದ್ದು ಯಾರು?

ಚಳಿ ಚಳಿ ಎಂದು ಬಂದಿದ್ದಳಲ್ಲ. ಪ್ಲಗ್ ಹಾಕುವ ಹೀಟರು ತಂದಿಟ್ಟುಕೊಂಡಿದ್ದಾಳೆ, ನೂರಕ್ಕೆ ನೂರು. ಮಗುವಿರುವ ಮನೆ, ಬೇಡ ಎನ್ನುತ್ತಿದ್ದೆನೇ? ಒಂದು ಮಾತು ಹೇಳಬಾರದೇ? ನನ್ನ ಚಕ್ಕುಲಿ ತಿಂದುಕೊಂಡು!

3 ಮಾರ್ಚ್, ಭಾನುವಾರ. ಸಂಜೆ

ಇವತ್ತು ಪಾಟ್‌ಲಕ್ ಊಟ ನಮ್ಮಲ್ಲಿ, ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವುದು. ಸಂಘದವರು ಹನ್ನೊಂದು ಜನ, ಉಮೈರ್ ಹಫ್ಸಾ ಬೇರೆ. ಯಾರೋ ಕೇಳಿದರು, "ಆಂಟಿ, ಈ ಸಲ ಬಿಲ್ ಎಷ್ಟಕ್ಕೆ ಇಳಿಸಿದ್ರಿ?" ಎಂದು. ಅಳಿಯಂದಿರು ಮೊತ್ತ ಹೇಳಿದರು. ಎಲ್ಲರೂ ಗೊಳ್ಳೆಂದು ನಕ್ಕರು.

ತಡೆಯಲಾಗಲಿಲ್ಲ. ಎಲ್ಲರ ಮುಂದೆಯೇ ಕೇಳಿದೆ. "ಹಫ್ಸಾ, ಹಗಲು ಹೊತ್ತು ಕೆಳಗೆ ಏನು ಓಡಿಸ್ತೀಯಮ್ಮ?"

ಅವಳು ಮಗುವಿಗೆ ಮೊಸರನ್ನ ತಿನ್ನಿಸುತ್ತಿದ್ದಳು. "ಏನೂ ಇಲ್ವಲ್ಲ ಆಂಟಿ."

"ಪ್ಲಗ್ ಹೀಟರ್ ಇಟ್ಕೊಂಡಿದ್ರೆ ಇಟ್ಕೋ, ತಪ್ಪೇನಿಲ್ಲ. ಹೇಳ್ಬಿಟ್ಟು ಇಟ್ಕೋಬೇಕು. ಬೇರೆಯವರ ಮೀಟರಲ್ಲಿ ಕದ್ದು ಕಾಯಿಸ್ಕೊಳ್ಳೋದಲ್ಲ."

ಕದ್ದು ಎಂಬ ಮಾತು ಬಂದದ್ದು ನನಗೇ ಆಮೇಲೆ ಕೇಳಿಸಿತು. ಉಮೈರ್ ಎದ್ದು ನಿಂತ. ಹಫ್ಸಾ ಅವನ ಕೈ ಹಿಡಿದಳು. ಮಗುವಿನ ಬಾಯಿ ಒರೆಸಿ, ತಟ್ಟೆಯನ್ನು ಸಿಂಕಿನಲ್ಲಿಟ್ಟು, ಮೂವರೂ ಕೆಳಗೆ ಹೋದರು. ಆಮೇಲೆ ಒಬ್ಬಾಕೆ ನನ್ನ ಕಿವಿಯ ಹತ್ತಿರ ಬಂದು, "ಅವರೆಲ್ಲ ಹಾಗೇ ಬಿಡಿ ಆಂಟಿ" ಎಂದಳು. ಅದು ನನಗೆ ಹಿಡಿಸಲಿಲ್ಲ. ಅವರೆಲ್ಲ ಎಂದರೆ ಯಾರು? ನಾನು ಕೇಳಿದ್ದು ಕರೆಂಟಿನ ಮಾತು. ಆದರೆ ಬಾಯಿ ಬಿಟ್ಟು ಹೇಳಲೂ ಇಲ್ಲ ಅವಳಿಗೆ.

ಕೇಳಿದ್ದರಲ್ಲಿ ತಪ್ಪೇನು? ನ್ಯಾಯ ಕೇಳಿದೆ.

8 ಮಾರ್ಚ್, ಶುಕ್ರವಾರ. ಬೆಳಿಗ್ಗೆ 9.00

ಐದು ದಿವಸದಿಂದ ಮೇಲೆ ಬಾರದವಳು ಈಗ ಬಂದಿದ್ದಳು. ಮಗುವಿಗೆ ಕೋಟು, ಟೋಪಿ. ಹೊರಗೆ ಕಾರಿನಲ್ಲಿ ಉಮೈರ್. ಒಳಗೆ ಬಾ ಎಂದರೂ ಹೊಸ್ತಿಲು ದಾಟಲಿಲ್ಲ.

"ಆಂಟಿ, ಕೆಳಗಿನ ಬ್ರೇಕರ್ ಎಲ್ಲಾ ಆಫ್ ಮಾಡಿದೀನಿ. ಫ್ರಿಜ್ ಕೂಡ ಖಾಲಿ ಮಾಡಿದೀನಿ. ಸಂಜೆ ಆರರವರೆಗೂ ನಾನು ಮಗು ಲೈಬ್ರರೀಲಿ ಇರ್ತೀವಿ. ನೀವು ಮೀಟರ್ ಓದೋದ್ರಲ್ಲಿ ಎಕ್ಸ್‌ಪರ್ಟ್ ಅಲ್ವಾ? ಗಂಟೆ ಗಂಟೆಗೂ ನೋಡಿ ಬರ್ಕೊಳ್ಳಿ."

ಧಿಮಾಕು ನೋಡು! ಇವತ್ತೊಂದು ದಿವಸ ಆಫ್ ಮಾಡಿದರೆ ಆಯಿತೇ? ಬರೆದುಕೊಳ್ಳುತ್ತೇನೆ. ಬಿಡುವವಳಲ್ಲ ನಾನು.

10.00

ಮೀಟರಿನೊಳಗೆ ತಿರುಗುವ ಬಿಲ್ಲೆ ತೂಕಡಿಸುತ್ತಿದೆ. ಒಂದು ಸುತ್ತಿಗೆ ನಿಮಿಷದ ಮೇಲೆ ಬೇಕು. ನೋಡಿದೆಯಾ, ಅವಳಿಲ್ಲದಿದ್ದರೆ ಎಷ್ಟು ಶಾಂತ.

11.05

ಬಿಲ್ಲೆ ತಿರುಗುತ್ತಿದೆ. ಕೆಂಪು ಗುರುತು ಕಣ್ಣಿಗೆ ಸಿಗುವುದಿಲ್ಲ, ಅಷ್ಟು ಜೋರು. ಕೆಳಗೆ ಓಡಿದೆ. ಕತ್ತಲೆ, ಕೊರೆಯುವ ಚಳಿ, ಫ್ರಿಜ್ ಬಾಗಿಲು ತೆಗೆದಿಟ್ಟಿದೆ. ಪ್ಲಗ್ಗಿನಲ್ಲಿ ಏನೂ ಇಲ್ಲ. ಮತ್ತೆ ಯಾವುದು ಓಡುತ್ತಿದೆ?

11.40

ಲಾಂಡ್ರಿ ರೂಮಿನಿಂದ ಗುಂಯ್ ಎನ್ನುವ ಸದ್ದು. ಹಗಲು ಹೊತ್ತು ಆ ಡಬ್ಬಿ ಸದ್ದು ಮಾಡಬಾರದು. ಮುಚ್ಚಳ ತೆಗೆದೆ.

ಮುಳ್ಳು ಹನ್ನೊಂದೂವರೆಯ ಮೇಲಿದೆ. ಸರಿಯಾಗಿಯೇ ಇದೆ ಎಂದುಕೊಂಡೆ. ಆಮೇಲೆ ನೋಡಿದೆ, ಕಪ್ಪು ಅರ್ಧ. ಚಂದ್ರ. ಕಿಟಕಿಯಲ್ಲಿ ಬಿಸಿಲು ಹೊಡೆಯುತ್ತಿದೆ, ಟೈಮರಿನಲ್ಲಿ ಮಧ್ಯರಾತ್ರಿ.

ಒಂದೂವರೆ ಕೂಡಿದೆ. ರಾತ್ರಿಯನ್ನು ಹಗಲು ಮಾಡಲಿಲ್ಲ. ಅಕ್ಕ ಹಾಸಿಗೆ ಹಾಸುತ್ತಿದ್ದಳಲ್ಲ... ತಲೆಯಲ್ಲಿ ರಾತ್ರಿಯೇ ಇತ್ತು. ಮೈಕ್ರೋವೇವಿಗೆ ಯಾವ ಹತ್ತಾದರೂ ಒಂದೇ. ಇದಕ್ಕೆ ಸೂರ್ಯನ ಹತ್ತು ಬೇರೆ, ಚಂದ್ರನ ಹತ್ತು ಬೇರೆ. ಒಂದು ತಿಂಗಳಿಂದ ಮೂರು ಹೀಟರೂ ಹಗಲು ಹನ್ನೊಂದಕ್ಕೆ ಶುರುವಾಗಿ ಸಂಜೆ ಏಳರವರೆಗೆ ನಾಲ್ಕು ಪಟ್ಟು ದುಡ್ಡಿನ ಕರೆಂಟು ಕುಡಿದಿವೆ. ಅದಕ್ಕೇ ಸಂಜೆ ಹಿತವಾದ ಶಾಖ. ಅದಕ್ಕೇ ಬೆಳಿಗ್ಗೆ ಐದಕ್ಕೆ ಆ ಮಗು ಚಳಿಯಲ್ಲಿ.

ಅವಳು ಬಂದು ಹೇಳಿದ್ದಳು. ಒಂದ್ಸಲ ನೋಡ್ತೀರಾ ಎಂದಿದ್ದಳು.

ಚಕ್ರ ತಿರುಗಿಸಿ ಸೂರ್ಯನ ಕಡೆಗೆ ಇಟ್ಟೆ. ಸದ್ದು ನಿಂತಿತು.

ಸಂಜೆ 6.30

ಬಂದಳು. ಬಾಗಿಲಲ್ಲೇ ನಿಂತು, "ಏನು ಸಿಕ್ತು ಆಂಟಿ?" ಎಂದಳು.

"ಇನ್ನೂ... ನೋಡ್ತಿದೀನಿ" ಎಂದೆ.

9 ಮಾರ್ಚ್, ಶನಿವಾರ

ಯಾರಿಗೂ ಹೇಳಿಲ್ಲ.

15 ಮಾರ್ಚ್, ಶುಕ್ರವಾರ

ದಿನಾ ಹೇಳೋಣ ಎಂದುಕೊಂಡು ಏಳುತ್ತೇನೆ. ಅಳಿಯಂದಿರ ಮುಖ ನೋಡಿದರೆ ಇನ್ನೊಂದು ದೋಸೆ ಹಾಕಲೇ ಎಂದು ಕೇಳಿಬಿಡುತ್ತೇನೆ. ಆ "ಪರ್ವಾಗಿಲ್ಲ ಅತ್ತೆ" ಇನ್ನೊಂದು ಸಲ ಕೇಳುವ ಶಕ್ತಿಯಿಲ್ಲ. ಮೂವತ್ತೊಂದು ವರ್ಷದ ಸರ್ವಿಸ್ಸು, ಒಂದು ಟೈಮರು ಇಡಲು ಬರಲಿಲ್ಲ ಎಂದು ಇಡೀ ಸಂಘ ನಗುತ್ತದೆ. ನಾಚಿಕೆಗೇಡು.

ಇವತ್ತು ಅಳಿಯಂದಿರು ತಾವಾಗಿಯೇ ಮೀಟರು ನೋಡಿಕೊಂಡು ಬಂದರು. ನಾನು ಬರೆದಿಟ್ಟಿದ್ದ ಲೆಕ್ಕಕ್ಕೆ ಹೋಲಿಸಿದರೆ ಹೋದ ವಾರದಿಂದ ಹಗಲಿನ ಯೂನಿಟ್ಟು ಹೆಚ್ಚು ಏರಿಯೇ ಇಲ್ಲವಂತೆ. "ನೋಡಿದ್ರಾ ಅತ್ತೆ? ನೀವು ಎಲ್ಲಾರ ಮುಂದೆ ಕೇಳಿದ್ಮೇಲೆ ನಿಂತ್ಹೋಯ್ತು. ನೀವು ಹೇಳಿದ್ದೇ ಕರೆಕ್ಟು."

ನಾನು ಗುಟ್ಟಾಗಿ ಸರಿ ಮಾಡಿದ್ದು ಅವಳ ಮೇಲಿನ ಸಾಕ್ಷಿಯಾಗಿ ಕೂತಿದೆ. ಬಾಯಿ ಮುಚ್ಚಿಕೊಂಡಿದ್ದಷ್ಟೇ ಅಲ್ಲ, ಅವಳನ್ನು ಎರಡನೇ ಸಲ ಕಳ್ಳಿ ಮಾಡಿದೆ.

ಸಂಜೆ ಉಮೈರ್ ಬಂದ. ನನ್ನ ಸ್ಟೀಲ್ ಡಬ್ಬಿ ಟೇಬಲ್ಲಿನ ಮೇಲಿಟ್ಟ. "ಮೂವತ್ತೊಂದನೇ ತಾರೀಕು ಖಾಲಿ ಮಾಡ್ತೀವಿ ಅಂಕಲ್. ಅಪಾರ್ಟ್‌ಮೆಂಟ್ ಸಿಕ್ಕಿದೆ, ನಮ್ಮ ಪಾಲಿನ ಎಕ್ಸ್‌ಟ್ರಾ ಇದರಲ್ಲಿದೆ" ಎಂದ. ನನ್ನ ಕಡೆ ನೋಡಲಿಲ್ಲ. ಅವನು ಹೋದ ಮೇಲೆ ಡಬ್ಬಿ ತೆಗೆದೆ. ತೊಳೆದು ಒರೆಸಿ ಫಳಫಳ ಎನ್ನುತ್ತಿದೆ. ಬರಿ ಪಾತ್ರೆ ಕೊಡಬಾರದಲ್ಲ, ಅದಕ್ಕೇ ಒಳಗೆ ಒಂದು ಲಕೋಟೆ. ಅರವತ್ತು ಡಾಲರ್.

17 ಮಾರ್ಚ್, ಭಾನುವಾರ

ಹೇಳಿದೆ. ಕಾಫಿ ಕುಡಿಯುವಾಗ, ಒಂದೇ ಉಸಿರಿಗೆ. ಟೈಮರು, ವಾಚು, ಚಂದ್ರ, ಎಲ್ಲ.

ಕಾತ್ಯಾಯಿನಿ ಬಾಯಿಗೆ ಕೈ ಇಟ್ಟುಕೊಂಡಳು. ಅಳಿಯಂದಿರು ನಗಲಿಲ್ಲ. "ಸರಿ, ದುಡ್ಡು ವಾಪಸ್ ಕೊಟ್ಬಿಡೋಣ. ಲೀವ್ ಇಟ್ ಅತ್ತೆ. ಹೇಗೂ ಹೋಗ್ತಿದಾರೆ. ಈಗ ಎಲ್ಲಾರ ಮುಂದೆ ಎಳೆದ್ರೆ ನಮಗೇ ಆಕ್ವರ್ಡು" ಎಂದರು.

"ಹೌದಮ್ಮ, ಯುಗಾದೀಲಿ ನಿನ್ನ ಟಾಕ್ ಬೇರೆ ಇದೆ" ಎಂದಳು ಮಗಳು. "ಪೀಪಲ್ ವಿಲ್ ಫರ್ಗೆಟ್."

ಮೈಯೆಲ್ಲ ಉರಿದುಹೋಯಿತು. ಯಾರು ಮರೆಯುತ್ತಾರೆ? ಹಫ್ಸಾ ಮರೆಯುತ್ತಾಳಾ? "ನಿಮಗೆ ಆಕ್ವರ್ಡ್ ಆಗತ್ತೆ ಅಂತ ಆ ಹುಡುಗಿ ಜೀವನ ಪೂರ್ತಿ ಕಳ್ಳಿ ಅನ್ನಿಸ್ಕೋಬೇಕಾ?" ಎಂದು ಕೂಗಾಡಿದೆ. ಕೂಗುತ್ತಿದ್ದ ಹಾಗೆ ಗೊತ್ತಾಯಿತು, ಒಂಬತ್ತು ದಿವಸದಿಂದ ನಾನು ಮಾಡಿದ್ದೂ ಇದನ್ನೇ. ಇವರ ಮೇಲೆ ರೇಗುವ ಯೋಗ್ಯತೆ ನನಗಿಲ್ಲ. ಆದರೂ ರೇಗಿದೆ.

20 ಮಾರ್ಚ್, ಬುಧವಾರ. ಯುಗಾದಿ

ಇಲ್ಲಿ ಬೇವು ಎಲ್ಲಿಂದ ಬರಬೇಕು. ಅಕ್ಕ ಕಳಿಸಿದ್ದ ಒಣಗಿದ ಹೂವು ಇತ್ತು. ಬೆಲ್ಲದ ಜೊತೆ ಕಲಸಿ ದೇವರ ಮುಂದಿಟ್ಟು, ಒಬ್ಬಟ್ಟು ಮಾಡಿ, ಅದೇ ಡಬ್ಬಿಯಲ್ಲಿ ತುಂಬಿ, ಲಕೋಟೆ ಹಿಡಿದು ಕೆಳಗೆ ಹೋದೆ.

ಅರ್ಧ ಮನೆ ರಟ್ಟಿನ ಪೆಟ್ಟಿಗೆಗಳಲ್ಲಿದೆ. ಹೀಟರಿನ ಮೇಲೆ ಅವಳ ಚೀಟಿ ಇನ್ನೂ ಅಂಟಿಕೊಂಡಿದೆ: ಮಲಗೋ ಮುಂಚೆ ಬಲಗಡೆ ಪೂರ್ತಿ ಕ್ಲೋಸ್, ಬೆಳಗ್ಗೆ 1, ಸಂಜೆ 4. ಅಷ್ಟು ಶ್ರದ್ಧೆಯಿಂದ ನನ್ನ ಮಾತು ಕೇಳಿದವಳು ಈ ಮನೆಯಲ್ಲಿ ಅವಳೊಬ್ಬಳೇ.

ನಿಂತುಕೊಂಡೇ ಎಲ್ಲ ಹೇಳಿದೆ. ಆ ಶುಕ್ರವಾರವೇ ಗೊತ್ತಾಗಿತ್ತು, ನಿನ್ನ ಮುಖಕ್ಕೆ ಸುಳ್ಳು ಹೇಳಿದೆ ಎಂದೂ ಹೇಳಿದೆ. ಅವಳು ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಮಡಿಸುವುದು ನಿಂತಿತು.

"ಆವತ್ತು ಲೈಬ್ರರೀಲಿ ಮಗು ಅಳ್ತಿತ್ತು ಆಂಟಿ. ಅಲ್ಲಿ ಅಳಿಸೋ ಹಾಗಿಲ್ಲ. ಸಂಜೆವರೆಗೂ ವರಾಂಡದಲ್ಲಿ ಎತ್ಕೊಂಡು ಓಡಾಡಿದೀನಿ. ಸಂಜೆ ಆಂಟಿ ತಪ್ಪಾಯ್ತು ಅಂತಾರೆ, ನಾನೂ ಅತ್ತುಬಿಡ್ತೀನಿ, ಟೀ ಕುಡೀತೀವಿ ಅಂದ್ಕೊಂಡಿದ್ದೆ."

"ತಪ್ಪಾಯ್ತಮ್ಮ" ಎಂದೆ.

"ಇಲ್ಲಿ ಹೇಳಿದ್ರೆ ಯಾರಿಗೆ ಕೇಳತ್ತೆ ಆಂಟಿ? ಕದ್ದು ಅಂದಿದ್ದು ಹದಿಮೂರು ಜನರ ಮುಂದೆ. ಉಮೈರ್ ಆಫೀಸಲ್ಲಿ, ಆವತ್ತು ಊಟಕ್ಕೆ ಬಂದಿದ್ದ ಇಬ್ಬರು ಈಗ್ಲೂ ಹೀಟರ್ ಬೇಕಾ ಅಂತ ನಗ್ತಾರೆ. ಕಾಂಟ್ರಾಕ್ಟ್ ರಿನ್ಯೂವಲ್ ಈ ತಿಂಗಳು. ಉಮೈರ್ ಊಟಾನೇ ಸರಿಯಾಗಿ ಮಾಡ್ತಿಲ್ಲ." ಲಕೋಟೆ ತೆಗೆದುಕೊಂಡಳು. ಡಬ್ಬಿ ಮುಟ್ಟಲಿಲ್ಲ. "ಒಬ್ಬಟ್ಟು ಇಲ್ಲೇ ಇಡಬೇಡಿ. ಶನಿವಾರ ಸಂಘದ ಯುಗಾದಿ ಫಂಕ್ಷನ್‌ನಲ್ಲಿ ಎಲ್ಲಾರ ಮುಂದೆ ಹೇಳಿದ್ಮೇಲೆ ಕೊಡಿ, ತಿಂತೀನಿ."

ಮೇಲೆ ಬಂದೆ. ಒಬ್ಬಟ್ಟಿನ ಡಬ್ಬಿ ಫ್ರಿಜ್ಜಿನಲ್ಲಿಟ್ಟೆ. ಯಾರಾದರೂ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದಿದ್ದೇನೆ.

23 ಮಾರ್ಚ್, ಶನಿವಾರ. ಸ್ಕೂಲ್ ಕೆಫೆಟೇರಿಯಾ

ಹಿಂದಿನ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೂರೈವತ್ತು ಜನ ಇರಬಹುದು. ಮಕ್ಕಳ ಕೋಲಾಟ ನಡೆಯುತ್ತಿದೆ. ಆಮೇಲೆ ನಾನು.

ಕಾರಿನಲ್ಲಿ ಅಳಿಯಂದಿರು ಇನ್ನೊಮ್ಮೆ ಹೇಳಿದರು. "ಅತ್ತೆ, ಜಸ್ಟ್ ಹೀಟರ್ ಬಗ್ಗೆ ಮಾತಾಡಿ ಸಾಕು." ಹೀಟರಿನ ಬಗ್ಗೆಯೇ ಮಾತಾಡುತ್ತೇನೆ ಎಂದೆ. ರೇಡಿಯೋ ಹಾಕಿದರು.

ಕರಿಡಾರಿನ ಗಡಿಯಾರ ನೋಡಿ ವಾಚಿಗೆ ಇಲ್ಲಿಯ ಟೈಮು ಇಟ್ಟೆ. ಅಕ್ಕ ಏನು ಮಾಡುತ್ತಿದ್ದಾಳೆ ಎಂದು ಬೇಕಾದರೆ ಫೋನು ಮಾಡಿ ಕೇಳುತ್ತೇನೆ.

ಬ್ಯಾಗಿನಲ್ಲಿ ಡಬ್ಬಿ ಇದೆ. ಬೆಳಿಗ್ಗೆ ಮತ್ತೆ ಬಿಸಿ ಮಾಡಿದ್ದು.

ಹಫ್ಸಾ, ಉಮೈರ್ ಇನ್ನೂ ಬಂದಿಲ್ಲ... ಮೂರು ಸಲ ಬಾಗಿಲ ಕಡೆ ನೋಡಿದೆ. ಬಾರದಿದ್ದರೂ ಹೇಳುವವಳೇ. ಆದರೆ ಅವಳ ಕಿವಿಗೂ ಬೀಳಲಿ. ಅವತ್ತು "ಅವರೆಲ್ಲ ಹಾಗೇ" ಎಂದಾಕೆ ಎರಡನೇ ಸಾಲಿನಲ್ಲಿದ್ದಾಳೆ, ರೇಷ್ಮೆ ಸೀರೆ. ಅವಳಿಗೂ ಒಂದು ಮಾತಿದೆ ನನ್ನ ಹತ್ತಿರ.

ಕೌಂಟರಿನಲ್ಲಿ ನೂರು ಜನ ಕಿರುಚಿದರೂ ನಾನು ಬರೆದುಕೊಂಡು ಮಾತಾಡಿದವಳಲ್ಲ. ಇವತ್ತು ಮೊದಲ ವಾಕ್ಯ ಬರೆದುಕೊಂಡೇ ಹೋಗುತ್ತೇನೆ, ಇಲ್ಲದಿದ್ದರೆ ಮೊದಲು ನಾಬು, ಆಮೇಲೆ ಹವೆ ಎಂದು ಎಲ್ಲಿಗೋ ಜಾರಿಕೊಳ್ಳುತ್ತೇನೆ, ನನ್ನನ್ನು ನಾನು ಬಲ್ಲೆ. "ನಮಸ್ಕಾರ. ಮಾರ್ಚ್ ಮೂರನೇ ತಾರೀಕು ನಮ್ಮ ಮನೆಯ ಊಟದಲ್ಲಿ ನಾನು ಹಫ್ಸಾ ಮೇಲೆ ಕಳ್ಳತನ ಹೊರಿಸಿದೆ. ಅದು ಸುಳ್ಳು. ಕರೆಂಟು ಕಳೆದದ್ದು ನಾನು, ನನ್ನ ಈ ಕೈಯಿಂದ. ಗೊತ್ತಾದ ಮೇಲೂ—"

ಕೋಲಾಟ ಮುಗಿಯಿತು. ಚಪ್ಪಾಳೆ.

ಬಂದಳು! ಬಾಗಿಲ ಹತ್ತಿರ, ಮಗುವನ್ನು ಎತ್ತಿಕೊಂಡು. ಹಿಂದೆ ಉಮೈರ್. ಯಾರೋ ಕುರ್ಚಿ ತೋರಿಸಿದರು. ಕೂರಲಿಲ್ಲ. ಕೋಟೂ ಬಿಚ್ಚಿಲ್ಲ. ನನ್ನನ್ನೇ ನೋಡುತ್ತಿದ್ದಾಳೆ.

ಮೈಕಿನಲ್ಲಿ ನನ್ನ ಹೆಸರು. "ಹೀಟರ್ ಎಕ್ಸ್‌ಪರ್ಟ್ ವಸಂತಾ ಆಂಟಿ" ಅಂತೆ. ನಗು. ಏಳುತ್ತೇನೆ. ಗೊತ್ತಾದ ಮೇಲೂ ನಾನು ಬಾಯಿ ಮುಚ್ಚಿಕೊಂಡಿದ್ದೆ—